ಬೆಳಕಿಗೆ ಅಡ್ಡ ನಿಂತವರು

ನಮ್ಮ ಮನೆಯಲ್ಲಿ ಒಂದು ಕಾನೂನಿತ್ತು. ನಾನಿರುವ ಕೋಣೆಗೆ ಯಾರೇ ಬಂದರೂ ಬಾಗಿಲಲ್ಲೇ ಒಮ್ಮೆ ಕೆಮ್ಮಬೇಕು. ಹೊರಗೆ ಹೋಗುವಾಗ "ಹೋಗ್ತೇನೆ" ಎಂದು ಹೇಳಿಯೇ ಹೋಗಬೇಕು. ಸುಮ್ಮನೆ ಬಂದು ಸುಮ್ಮನೆ ನಿಲ್ಲುವ ಹಾಗಿಲ್ಲ. ಈ ಕಾನೂನು ಮಾಡಿದವರು ಪಪ್ಪ. ನನ್ನ ಕಣ್ಣು ಹೋದ ವರ್ಷ, ಬಹ್ರೇನಿನ ಬುಸೈತೀನ್‌ನಲ್ಲಿದ್ದ ನಮ್ಮ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮುಂದೆ ನನ್ನನ್ನೂ ಮಮ್ಮಿಯನ್ನೂ ಕೂರಿಸಿ ಆಫೀಸಿನ ಸುತ್ತೋಲೆ ಓದುವ ಗತ್ತಿನಲ್ಲಿ ಹೇಳಿದ್ದರು. ಬಂದ ನೆಂಟರೂ ಕೆಮ್ಮಬೇಕಿತ್ತು. ಮನೆಯಲ್ಲಿ ತೇರ್ಸ, ಎಂದರೆ ಜಪಮಾಲೆಯ ಪ್ರಾರ್ಥನೆ, ಇದ್ದ ದಿನ ಪಾದ್ರಿಯವರನ್ನೇ ಬಾಗಿಲಲ್ಲಿ ನಿಲ್ಲಿಸಿ ಕೆಮ್ಮಿಸಿದ್ದುಂಟು.

ಕಣ್ಣು ಹೋದದ್ದು ಹನ್ನೊಂದನೇ ವಯಸ್ಸಿಗೆ. ಬಾತ್‌ರೂಮಿನ ಪೈಪು ಕಟ್ಟಿಕೊಂಡಿತ್ತು. ಪಪ್ಪ ಅಂಗಡಿಯಿಂದ ಕಾಸ್ಟಿಕ್ ಸೋಡ ತಂದು ಅದರೊಳಗೆ ಸುರಿದು, ಇನ್ನಷ್ಟು ನೀರು ತರಲು ಪಕ್ಕದ ಅಡುಗೆಮನೆಗೆ ಹೋಗಿದ್ದರು. ಒಳಗೆ ಏನೋ ಕೊತಕೊತ ಎನ್ನುತ್ತಿದೆಯಲ್ಲ ಎಂದು ನಾನು ಬಗ್ಗಿ ನೋಡಿದೆ. ಅದು ಉಕ್ಕಿ ಮುಖಕ್ಕೆ ಹಾರಿತು. ನಾನು ಕೊನೆಯದಾಗಿ ನೋಡಿದ್ದು ಒಂದು ಬಿಳಿ ನೊರೆ. ಅದಾದ ಮೇಲೆ ಬೆಳಕೂ ಇಲ್ಲ, ನೆರಳೂ ಇಲ್ಲ.

ಕಾಲೇಜಿನಲ್ಲಿ ಕೆಮಿಸ್ಟ್ರಿ ತೆಗೆದುಕೊಳ್ಳುತ್ತೇನೆ ಎಂದಾಗ ಮಮ್ಮಿ ಅತ್ತರು, ಪಪ್ಪ ಮಾತು ಬಿಟ್ಟರು. ನನಗೆ ಬೇರೆ ವಿಷಯ ಬೇಡವಾಗಿತ್ತು. ನನ್ನ ಕಣ್ಣು ತೆಗೆದ ವಸ್ತುವಿಗೆ ಒಂದು ಸೂತ್ರವಿದೆ, ಒಂದು ತೂಕವಿದೆ, ಅದನ್ನು ಹನಿಹನಿಯಾಗಿ ಅಳೆಯಬಹುದು ಎಂದು ಶಾಲೆಯಲ್ಲಿ ಕೇಳಿದ ದಿನವೇ ನಾನು ನಿರ್ಧರಿಸಿಬಿಟ್ಟಿದ್ದೆ. ಹಟಮಾರಿ ಎಂದು ಎಲ್ಲರೂ ಹೇಳುತ್ತಿದ್ದರು. ನಿಜ, ನಾನು ಹಟಮಾರಿಯೇ.

ಮೊದಲ ವರ್ಷ ಲ್ಯಾಬಿನಲ್ಲಿ ನಾನು ಕುರ್ಚಿಯ ಮೇಲೆ ಕುಳಿತು ಬೇರೆಯವರ ಪ್ರಯೋಗದ ವರ್ಣನೆ ಕೇಳುವವಳಾಗಿದ್ದೆ. ಅದರಲ್ಲೇ ಪಾಸು ಮಾಡುತ್ತೇವೆ ಎಂದರು. ನಾನು ಒಪ್ಪಲಿಲ್ಲ. ನಮ್ಮ ಪ್ರೊಫೆಸರ್ ಬಹ್ರೇನಿನವರೇ. ಎಲ್ಲರೂ ಅವರನ್ನು ದಕ್ತೂರಾ, ಎಂದರೆ ಅರಬ್ಬಿಯಲ್ಲಿ ಡಾಕ್ಟರಮ್ಮ, ಎಂದು ಕರೆಯುತ್ತಿದ್ದರು. ನೇರ ಮಾತಿನ ಹೆಂಗಸು. ಅವರು ಒಂದು ಶರತ್ತು ಹಾಕಿದರು. ಐದು ವಾರ, ಐದು ಬಾಟಲಿ ಆಮ್ಲ. ಪ್ರತಿಯೊಂದರ ಬಲ ಎಷ್ಟೆಂದು ಕಾಸ್ಟಿಕ್ ಸೋಡದ ದ್ರಾವಣ ಹಾಕಿ ನಾನೇ ಕಂಡುಹಿಡಿಯಬೇಕು.

"ನಿನ್ನ ಕೈ ಬಿಟ್ಟು ಬೇರೆ ಕೈ ತಾಗಬಾರದು. ಪ್ರತಿ ವರದಿಯ ಕೊನೆಯಲ್ಲಿ 'ಒಬ್ಬಳೇ ಮಾಡಿದೆ' ಎಂದು ಬರೆದು ಸಹಿ ಹಾಕು. ಐದೂ ನೋಡಿ ಎರಡನೇ ವರ್ಷದ ಲ್ಯಾಬಿಗೆ ಸೇರಿಸಬೇಕೋ ಬೇಡವೋ ಹೇಳುತ್ತೇನೆ. ಬೇಡ ಎಂದರೆ ಬೇಡ. ಆಮೇಲೆ ಅಳಬಾರದು."

ಪ್ರತಿ ಬುಧವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುತ್ತಿತ್ತು. ಅದಕ್ಕೆ ಅಂಟಿಕೊಂಡೇ ಬಾಟಲಿಗಳನ್ನಿಡುವ ಸಣ್ಣ ಕೋಣೆ. ನಡುವೆ ಒಂದು ಬಾಗಿಲು, ಪಕ್ಕದಲ್ಲಿ ಗಾಜಿನ ಕಿಟಕಿ. ಅಪಾಯವಾದರೆ ಓಡಿ ಬರಲು ಲ್ಯಾಬ್ ಅಟೆಂಡರ್ ಆ ಕೋಣೆಯಲ್ಲಿ ಕುಳಿತಿರಬೇಕು, ಒಳಗೆ ಕಾಲಿಡಬಾರದು ಎಂದು ದಕ್ತೂರಾ ಹೇಳಿದ್ದರು. ಅಟೆಂಡರ್ ಉಳ್ಳಾಲದ ಕಡೆಯ ಬ್ಯಾರಿ. ಬಹ್ರೇನಿಗೆ ಬಂದು ಇಪ್ಪತ್ತು ವರ್ಷ ದಾಟಿತ್ತು. ನಾನು ಕಾಕ ಎನ್ನುತ್ತಿದ್ದೆ, ಅವರು ಮಗಳೇ ಎನ್ನುತ್ತಿದ್ದರು. ಊರಿನ ಕನ್ನಡ ಕೇಳಿದರೆ ನನಗೆ ಧೈರ್ಯ.

ನಾನು ಮಾಡುತ್ತಿದ್ದ ರೀತಿ ಹೀಗೆ. ಕಣ್ಣಿದ್ದವರು ಬಣ್ಣ ನೋಡುತ್ತಾರೆ, ನಾನು ಬಣ್ಣ ಕೇಳುತ್ತಿದ್ದೆ. ಪೆನ್ನಿನಷ್ಟು ದೊಡ್ಡ ಒಂದು ಸಾಧನ. ಅದರ ತುದಿಗೆ ಹೆಚ್ಚು ಬೆಳಕು ಬಿದ್ದರೆ ಸಣ್ಣ ದನಿಯಲ್ಲಿ ಹಾಡುತ್ತದೆ, ಬೆಳಕು ಕಡಿಮೆಯಾದರೆ ದನಿ ದಪ್ಪವಾಗುತ್ತದೆ. ಅದನ್ನು ಸ್ಟ್ಯಾಂಡಿಗೆ ಬಿಗಿದು, ಅದರ ಮುಂದೆ ಆಮ್ಲದ ಫ್ಲಾಸ್ಕ್ ಇಡುತ್ತಿದ್ದೆ. ಟೇಬಲ್ ಲ್ಯಾಂಪ್ ಇರುತ್ತಿದ್ದದ್ದು ಎದುರುಗಡೆಯ ಕಟ್ಟೆಯ ಮೇಲೆ. ಒದ್ದೆ ಜಾಗದ ಹತ್ತಿರ ಕರೆಂಟು ಬೇಡ ಎಂದು ದಕ್ತೂರಾ ಅದನ್ನು ದೂರ ಇಡಿಸಿದ್ದರು. ಲ್ಯಾಂಪಿಗೂ ನನ್ನ ಮೇಜಿಗೂ ನಡುವೆ ಒಬ್ಬರು ಓಡಾಡುವಷ್ಟು ಜಾಗ. ಫ್ಲಾಸ್ಕಿಗೆ ಕಾಸ್ಟಿಕ್ ಹನಿಹನಿಯಾಗಿ ಬಿಟ್ಟಾಗ, ಸರಿಯಾದ ಕ್ಷಣಕ್ಕೆ ಹಳದಿ ನೀರು ಕಡುನೀಲಿಯಾಗುತ್ತದಂತೆ. ನನಗೆ ದನಿ ದಪ್ಪವಾಗುತ್ತಿತ್ತು. ಆಗ ನಿಲ್ಲಿಸಿ, ಹನಿಬಾಟಲಿಯನ್ನು ಮಾತಾಡುವ ತಕ್ಕಡಿಯ ಮೇಲಿಟ್ಟು ಎಷ್ಟು ಖರ್ಚಾಯಿತೆಂದು ಕೇಳಿಕೊಂಡರೆ ಉತ್ತರ ಸಿಗುತ್ತಿತ್ತು.

ಮೊದಲ ಬುಧವಾರ ಎಲ್ಲ ಸಜ್ಜುಮಾಡಿ, ಇನ್ನೂ ಒಂದು ಹನಿಯೂ ಬಿಡದೆ ದನಿ ಕೇಳುತ್ತಾ ನಿಂತಿದ್ದೆ. ಒಂದೇ ಸಮನೆ ಸಣ್ಣ ದನಿ. ತಟ್ಟನೆ ಅದು ದಪ್ಪವಾಯಿತು. ಎರಡು ಉಸಿರಿನಷ್ಟು ಹೊತ್ತು ಹಾಗೇ ಇದ್ದು ಮತ್ತೆ ಸಣ್ಣದಾಯಿತು.

"ಕಾಕ?" ಎಂದೆ.

"ಎಂತ ಮಗಳೇ?" ಬಲಗಡೆಯಿಂದ, ಆ ಸಣ್ಣ ಕೋಣೆಯ ಒಳಗಿನಿಂದ, ಕೂಡಲೇ ಉತ್ತರ ಬಂತು.

"ನೀವು ಇಲ್ಲಿ ಬಂದಿರಾ?"

"ಇಲ್ಲಪ್ಪ. ನಾನಿಲ್ಲೇ ಕೂತಿದ್ದೇನೆ."

ಲ್ಯಾಂಪ್ ಇದ್ದದ್ದು ನನ್ನ ಎದುರಿಗೆ. ಕಾಕ ಇದ್ದದ್ದು ಬಲಕ್ಕೆ, ಗೋಡೆಯಾಚೆ. ನನ್ನ ಮತ್ತು ಲ್ಯಾಂಪಿನ ನಡುವೆ ಯಾರೋ ಹಾದುಹೋಗಿದ್ದರು. ಹೊಗೆ ಎಳೆಯುವ ಫ್ಯಾನು ಮೇಲೆ ಗುಂಯ್ ಎನ್ನುತ್ತಿತ್ತು, ಅದರಲ್ಲಿ ಯಾವ ಉಸಿರೂ ಕೇಳುವ ಹಾಗಿರಲಿಲ್ಲ. ಅಮೋನಿಯಾದ ಘಾಟಿಗೆ ಮೂಗೂ ಕೆಲಸಕ್ಕೆ ಬಾರದು. ಕರೆಂಟು ಏರುಪೇರಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಪ್ರಯೋಗ ಮುಗಿಯಿತು. 'ಒಬ್ಬಳೇ ಮಾಡಿದೆ' ಎಂದು ಬರೆದೆ.

ಎರಡನೇ ವಾರ ವಸ್ತುಗಳು ಸರಿದವು. ಕಣ್ಣಿಲ್ಲದವರ ಮೇಜು ಅಳತೆಯ ಮೇಜು. ಮೇಜಿನ ಅಂಚಿನಿಂದ ಒಂದು ಗೇಣು ಒಳಗೆ ಫ್ಲಾಸ್ಕ್, ಅದರಿಂದ ನಾಲ್ಕು ಬೆರಳು ಬಲಕ್ಕೆ ಹನಿಬಾಟಲಿ, ಅದರ ಪಕ್ಕ ಮುಚ್ಚಳ. ಆ ದಿನ ಆತುರದಲ್ಲಿ ಆಮ್ಲದ ಬಾಟಲಿಯನ್ನು ತೀರಾ ಅಂಚಿಗೆ, ಮುಚ್ಚಳ ಹಾಕದೆ ಇಟ್ಟದ್ದು ತಕ್ಕಡಿಯ ಹತ್ತಿರ ಹೋದ ಮೇಲೆ ನೆನಪಾಯಿತು. ಹಿಂದಿರುಗಿ ಬಂದು ಮೆಲ್ಲನೆ ಕೈಯಾಡಿಸಿದೆ. ಬಾಟಲಿ ಒಂದು ಗೇಣು ಒಳಗಿತ್ತು. ಮುಚ್ಚಳ ಬಿಗಿಯಾಗಿತ್ತು.

"ಕಾಕ!"

ಈ ಸಲ ಉತ್ತರ ತಡವಾಗಿ ಬಂತು. ಬಂದದ್ದು ಆ ಕೋಣೆಯಿಂದಲೇ. "ಎಂತ ಮಗಳೇ, ಎಂತಾದ್ರೂ ಬೇಕಾ?"

ಏನೂ ಬೇಡ ಎಂದೆ. ನನಗೆ ಭೂತದ ಭಯಕ್ಕಿಂತ ದೊಡ್ಡ ಭಯ ಒಂದಿದೆ, ನನ್ನ ನೆನಪು ಕೈಕೊಡುವ ಭಯ. ಎಲ್ಲಿ ಏನಿಟ್ಟೆ ಎನ್ನುವುದು ತಪ್ಪಿದರೆ ನನ್ನ ಲೋಕವೇ ತಪ್ಪಿದ ಹಾಗೆ.

ಅಂದು ಊಟಕ್ಕೆ ಕುಳಿತಾಗ ಎಲ್ಲ ಹೇಳಿದೆ. ಮನೆಯಲ್ಲಿ ನಾವಾಡುವುದು ಕೊಂಕಣಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಮಮ್ಮಿ ನರ್ಸ್, ಆಸ್ಪತ್ರೆಯಲ್ಲಿ ದಿನಕ್ಕೊಂದು ಸಾವು ನೋಡಿದವರು. ಆದರೂ ಚಮಚ ಕೆಳಗಿಟ್ಟರು.

"ಆ ಲ್ಯಾಬಲ್ಲಿ ಮೊದಲು ಯಾರಿಗಾದ್ರೂ ಎಂತಾದ್ರೂ ಆಗಿದೆಯಾ ಅಂತ ಕೇಳಿದ್ದೀಯಾ? ನನ್ನ ರೊಜಾರ್ ಮಾಲೆ ತಗೊಂಡು ಹೋಗು ಮಗಾ, ಕೋಟಿನ ಕಿಸೆಯಲ್ಲಿ ಇಟ್ಕೋ."

"ಎಂತ ಇಲ್ಲ ಮಾರಾಯ್ತಿ," ಎಂದರು ಪಪ್ಪ. ತುಂಬ ಬೇಗ ಎಂದರು. "ಅವಳಿಗೆ ಭ್ರಮೆ. ಸುಸ್ತಾಗಿರ್ಬೇಕು. ಇಷ್ಟು ಹೆದರಿಕೆ ಆಗುದಾದ್ರೆ ಬಿಟ್ಟುಬಿಡ್ಲಿ."

ಅಷ್ಟು ಹೇಳಿ "ಹೋಗ್ತೇನೆ" ಎಂದು ಎದ್ದು ಹೋದರು. ನನಗೆ ಸಿಟ್ಟು ಬಂತು. ಹೆದರಿಕೆಯ ನೆಪದಲ್ಲಿ ನನ್ನನ್ನು ಲ್ಯಾಬಿನಿಂದ ಹೊರಗೆಳೆಯಲು ನೋಡುತ್ತಿದ್ದಾರೆ ಎಂದುಕೊಂಡೆ. ಮುಂದಿನ ವಾರ ರೊಜಾರ್ ಕಿಸೆಯಲ್ಲಿಟ್ಟುಕೊಂಡೇ ಹೋದೆ.

ಮೂರನೇ ವಾರ ದನಿಯೇ ಸರಿಯಿರಲಿಲ್ಲ. ಮೊದಲಿನಿಂದಲೂ ದಪ್ಪ, ಮಂಕು. ಹನಿ ಬಿಟ್ಟರೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಫ್ಲಾಸ್ಕ್ ಒರೆಸಿದೆ, ಸ್ಟ್ಯಾಂಡ್ ಬಿಗಿದೆ, ಏನೂ ಆಗಲಿಲ್ಲ. ಸೋತೆ ಎಂದು ಎರಡೂ ಕೈ ಮೇಜಿನ ಮೇಲೂರಿ ನಿಂತೆ. ಆಗ, ನಾನು ಏನನ್ನೂ ಮುಟ್ಟದೆ, ದನಿ ಮೆಲ್ಲಗೆ ಏರತೊಡಗಿತು. ಏರಿ ಏರಿ, ಎಲ್ಲಿ ಇರಬೇಕೋ ಸರಿಯಾಗಿ ಅಲ್ಲಿ ನಿಂತಿತು. ಎದುರಿನ ಕತ್ತಲಲ್ಲಿ ಯಾರೋ ಲ್ಯಾಂಪಿನ ಕತ್ತನ್ನು ನನ್ನ ಕಡೆ ತಿರುಗಿಸಿದ ಹಾಗೆ. ಕಿಸೆಯಲ್ಲಿ ರೊಜಾರಿನ ಮಣಿಗಳನ್ನು ಬೆರಳು ನೋಯುವಷ್ಟು ಹಿಡಿದುಕೊಂಡೆ. ಓಡಿಹೋಗಬೇಕಿತ್ತು. ಆದರೆ ದನಿ ಅಷ್ಟು ಚೆನ್ನಾಗಿತ್ತು, ಪ್ರಯೋಗ ಬಿಡಲು ಮನಸ್ಸಾಗಲಿಲ್ಲ. ನಾಚಿಕೆಯ ಮಾತು, ಆದರೆ ನಿಜ.

ಆ ವಾರದ ಉತ್ತರ ಕರಾರುವಾಕ್ಕಾಗಿತ್ತು. ದಕ್ತೂರಾ "ಮಾಶಾಅಲ್ಲಾ" ಎಂದು ನನ್ನ ಭುಜ ತಟ್ಟಿದರು. ಕಣ್ಣಿದ್ದವರಿಗೂ ಇಷ್ಟು ಹತ್ತಿರದ ಉತ್ತರ ಬಂದಿಲ್ಲವಂತೆ. 'ಒಬ್ಬಳೇ ಮಾಡಿದೆ' ಎಂದು ಬರೆಯುವಾಗ ಬೆರಳು ತಡವರಿಸಿತು. ಬರೆದೆ.

ನಾಲ್ಕನೇ ವಾರ ನಾನು ಬಲೆ ಹಾಕಿದೆ. ಪ್ರಯೋಗ ಶುರುಮಾಡುವ ಮೊದಲು ಒಂದು ದೊಡ್ಡ ಬೀಕರಿನಲ್ಲಿ ಬರೀ ನೀರು ತುಂಬಿ, ಎದುರುಗಡೆಯ ಅಂಚಿನಲ್ಲಿ, ಅರ್ಧ ಹೊರಗೆ ಚಾಚುವ ಹಾಗೆ ಇಟ್ಟೆ. ಭೂತವಾಗಿದ್ದರೆ ಅದಕ್ಕೆ ಗಾಜು ಒಡೆದರೇನು, ಬಿಟ್ಟರೇನು. ಮನುಷ್ಯನಾಗಿದ್ದರೆ ಕೈ ಚಾಚದೆ ಇರಲಾರ. ಬೇಕೆಂದೇ ಸದ್ದುಮಾಡುತ್ತ ತಕ್ಕಡಿಯವರೆಗೆ ನಡೆದು, ಅಲ್ಲಿಂದ ಬೆಕ್ಕಿನ ಹೆಜ್ಜೆಯಲ್ಲಿ ವಾಪಸ್ ಬಂದೆ. ಕಾದೆ. ಫ್ಯಾನಿನ ಗುಂಯ್ ಬಿಟ್ಟರೆ ಏನೂ ಇಲ್ಲ. ಆಮೇಲೆ ಮೇಜಿನ ಕಲ್ಲಿನ ಮೇಲೆ ಗಾಜು ಜಾರಿದ ಸದ್ದು. ಬಹಳ ಸಣ್ಣದು. ನನ್ನಿಂದ ಒಂದು ಮಾರು ದೂರದಲ್ಲಿ.

"ಯಾರದು!" ಎಂದು ಕಿರುಚಿದೆ.

ಬೀಕರ್ ಬಿದ್ದು ಚೂರಾಯಿತು. ಯಾರೋ ಹಲ್ಲು ಕಚ್ಚಿ ಉಸಿರೆಳೆದುಕೊಂಡರು. ಮತ್ತೆ ನಿಶ್ಶಬ್ದ.

"ಕಾಕ! ಕಾಕ, ಬನ್ನಿ!"

ಕೋಣೆಯಿಂದ ಉತ್ತರವಿಲ್ಲ. ಕೋಲು ಮುಂದೆ ಚಾಚಿ, ಗೋಡೆ ಹಿಡಿದು, ಆ ಸಣ್ಣ ಕೋಣೆಯ ಬಾಗಿಲವರೆಗೆ ಹೋದೆ. ಹೊಸ್ತಿಲಲ್ಲಿ ಕೋಲಿಗೆ ಏನೋ ಮೆತ್ತಗೆ ತಾಗಿತು. ಬಗ್ಗಿ ಮುಟ್ಟಿದೆ. ಒಂದು ಜೊತೆ ಶೂ. ಲೇಸು ಬಿಚ್ಚಿ, ಒಂದಕ್ಕೊಂದು ಅಂಟಿಸಿ, ಮನೆಯ ಬಾಗಿಲಲ್ಲಿ ಬಿಡುವ ಹಾಗೆ ನೀಟಾಗಿ ಬಿಟ್ಟ ಶೂ. ಒಳಗೆ ಕೈ ಹಾಕಿದೆ. ಇನ್ನೂ ಬೆಚ್ಚಗಿತ್ತು.

ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ, ನಾನು ಬಿಟ್ಟುಬಂದ ಲ್ಯಾಬಿನ ನಡುವಿನಿಂದ, ಒಂದು ದನಿ ಬಂತು.

"ಮಗಳೇ, ಅಲ್ಲೇ ನಿಲ್ಲು. ನೆಲದಲ್ಲೆಲ್ಲ ಗ್ಲಾಸ್ ಉಂಟು."

ಮೈಮೇಲಿನ ಕೂದಲೆಲ್ಲ ನಿಂತಿತು. ದನಿಯ ಗುರುತು ಹತ್ತಿದ ಮೇಲೂ ಶೂವನ್ನು ಕೈಯಿಂದ ಬಿಡಲಿಲ್ಲ.

"ಕಾಕ, ನಿಮ್ಮ ಕಾಲಲ್ಲಿ ಶೂ ಇಲ್ಲ."

"ಇಲ್ಲ," ಎಂದರು. "ಸ್ವಲ್ಪ ತಾಗಿದೆ. ದೊಡ್ಡದೇನಲ್ಲ."

ದೊಡ್ಡದೇ ಆಗಿತ್ತು. ನಾನೇ ಬಟ್ಟೆ ಕಟ್ಟಿದೆ, ಬೆರಳೆಲ್ಲ ಅಂಟಂಟಾಯಿತು. ಗಾಜು ಹಿಮ್ಮಡಿಯ ಒಳಗೆ ಹೋಗಿದ್ದರೂ ಬಾಯಿಬಿಡದೆ ನಿಂತಿದ್ದರು ಈ ಮನುಷ್ಯ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಬರಿಗಾಲಲ್ಲಿ ಓಡಾಡುವ ಅಟೆಂಡರ್ ಬಗ್ಗೆ ನಾನು ಕೇಳಿಯೂ ಇರಲಿಲ್ಲ.

"ಶೂ ಸದ್ದು ಮಾಡ್ತದೆ ಅಂತ ತೆಗೆದದ್ದು," ಎಂದರು.

"ತೆಗೆದವರು ಕೋಣೆಯ ಒಳಗೆ ಅಡಗಿಸಿಡಬಾರದಿತ್ತಾ?"

"ಹೌದಲ್ಲ," ಎಂದರು ಕಾಕ, ಈಗಷ್ಟೇ ಹೊಳೆದವರ ಹಾಗೆ. "ಬಾಗಿಲಲ್ಲಿ ಬಿಟ್ಟು ಅಭ್ಯಾಸ ನೋಡು. ಕಾಲು ತಾನಾಗೇ ಬಿಟ್ಟುಬಿಡ್ತದೆ."

ನನಗೆ ನಗುವೂ ಬಂತು, ಅಳುವೂ ಬಂತು. ಯಾರು ಹೇಳಿದ್ದು ಇದನ್ನು ಎಂದು ಕೇಳಿದೆ. ಕಟ್ಟು ಬಿಗಿಯಾಯಿತು ಎಂದರು. ಮತ್ತೆ ಕೇಳಿದೆ.

"ನಿನ್ನ ಪಪ್ಪ. ಎರಡನೇ ವಾರದ ಮೊದಲು ಬಂದು ನನ್ನ ಕೈ ಹಿಡ್ಕೊಂಡ್ರು. ಒಳಗೇ ನಿಂತು ನೋಡ್ಕೊಳ್ಳಿ, ಅವಳಿಗೆ ಗೊತ್ತಾಗ್ಬಾರ್ದು ಅಂದ್ರು. ಗಂಡಸು ಕಣ್ಣೀರು ಹಾಕಿದ್ರೆ ಎಂತ ಹೇಳುದು? ದಕ್ತೂರಾಗೆ ಹೇಳ್ಬೇಡ ಮಗಳೇ. ಬರಿಗಾಲಲ್ಲಿ ಇದ್ದೆ ಅಂತ ಗೊತ್ತಾದ್ರೆ ನನ್ನ ಕೆಲಸ ಖಲಾಸ್. ಕೆಲಸ ಹೋದ್ರೆ ವೀಸಾನೂ ಹೋಯ್ತು."

"ಮೊದಲನೇ ವಾರವೂ ನೀವೇ ಅಡ್ಡ ಬಂದದ್ದಾ?"

"ಮೊದಲನೇ ವಾರ ನಾನು ಒಳಗೆ ಕಾಲೇ ಇಡ್ಲಿಲ್ಲ," ಎಂದರು ಕಾಕ.

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಕಾಕ ಅಲ್ಲದಿದ್ದರೆ ಆ ದಿನ ನನ್ನ ಎದುರು ಹಾದುಹೋದವರು ಯಾರು? ಆದರೆ ಭಯಕ್ಕಿಂತ ಸಿಟ್ಟು ಜೋರಾಗಿತ್ತು. ನನ್ನ ಕೈಯಾರೆ ಬಂದ ಉತ್ತರ ಎಂದು ಮೂರು ವರದಿಗೆ ಸಹಿ ಹಾಕಿದ್ದೆ. ಅದರಲ್ಲಿ ಯಾವುದು ನನ್ನದು, ಯಾವುದು ಕಾಕನದು ಎಂದು ಈಗ ಯಾವ ತಕ್ಕಡಿಯೂ ಹೇಳಲಾರದು.

ಪಪ್ಪ ಆಫೀಸಿನಿಂದ ಬಂದು, ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಎಂದಿನಂತೆ ಕೆಮ್ಮಿದರು.

"ಇನ್ನು ನೀವು ಕೆಮ್ಮುದು ಬೇಡ ಪಪ್ಪ," ಎಂದೆ. "ಸುಳ್ಳು ಕೆಮ್ಮು."

ಅವರಿಗೆ ಅರ್ಥವಾಯಿತು. ಬಹಳ ಹೊತ್ತು ಮಾತಿಲ್ಲ. ಇದ್ದಾರೋ ಹೋದರೋ ಎಂದು ನನ್ನ ಮನೆಯಲ್ಲೇ, ಮೊದಲ ಸಲ, ನನಗೆ ತಿಳಿಯಲಿಲ್ಲ. ಕೊನೆಗೆ ಬಾಗಿಲ ಹತ್ತಿರದಿಂದಲೇ ಹೇಳಿದರು.

"ಅವತ್ತು ನಾನು ಪಕ್ಕದ ಕೋಣೆಯಲ್ಲಿದ್ದೆ. ನೀನು ಕರೆದದ್ದು ಕೇಳಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮತ್ತೊಮ್ಮೆ ಪಕ್ಕದ ಕೋಣೆಯಲ್ಲಿ ಒಬ್ಬರು ಕೂತಿರ್ತಾರೆ ಅಂತ ನೀನು ಹೇಳಿದ್ರೆ ನನಗೆ ಸಾಕಾಗ್ತದಾ?"

ನಾನು ಕ್ಷಮಿಸಲಿಲ್ಲ. ಮರುದಿನ ದಕ್ತೂರಾ ಅವರ ಬಳಿ ಹೋಗಿ, ಮೊದಲಿನ ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಡಿ, ನಾಲ್ಕನೆಯದನ್ನು ನಾನು ಮುಗಿಸಿಲ್ಲ, ಕಾರಣ ಮಾತ್ರ ಕೇಳಬೇಡಿ ಎಂದೆ. ಅವರ ಪೆನ್ನು ಮೇಜನ್ನು ಕುಟ್ಟುತ್ತಿತ್ತು.

"ಹಾಗಾದರೆ ಉಳಿದದ್ದು ಒಂದೇ," ಎಂದರು. "ಅದು ತಪ್ಪಿದರೆ ಇನ್ನೊಂದಿಲ್ಲ."

"ಗೊತ್ತು," ಎಂದೆ.

ಐದನೇ ಬುಧವಾರ ಕಾಕನಿಗೆ ಒಂದೇ ಮಾತು ಹೇಳಿದೆ: ಶೂ ಹಾಕಿಕೊಂಡೇ ಇರಿ, ಕೋಣೆಯೊಳಗೆ ಅತ್ತಿತ್ತ ನಡೆಯುತ್ತಿರಿ, ನನಗೆ ಕೇಳಬೇಕು. ನಡೆದರು, ಪಾಪ. ಒಂದು ಹೆಜ್ಜೆ ಜೋರು, ಒಂದು ಹೆಜ್ಜೆ ಎಳೆತ. ಗಾಯ ಮಾಗಿರಲಿಲ್ಲ. ನಾನು ಮೊದಲು ಲ್ಯಾಂಪಿನ ಕತ್ತನ್ನು ಮುಟ್ಟಿ ನೋಡಿ ನೆಟ್ಟಗೆ ಮಾಡಿದೆ. ಮೇಜನ್ನು ಗೇಣಿನಲ್ಲಿ ಅಳೆದೆ. ಬಾಟಲಿಗಳನ್ನೆಲ್ಲ ಮುಚ್ಚಿದೆ. ಹನಿ ಬಿಡತೊಡಗಿದೆ. ಬಲಗಡೆ ಕಾಕನ ಹೆಜ್ಜೆ, ಎದುರಿಗೆ ಆ ಸಣ್ಣ ದನಿ.

ದನಿ ದಪ್ಪವಾಯಿತು.

ಕೈ ನಿಲ್ಲಿಸಿದೆ. ಇಷ್ಟು ಬೇಗ ಬಣ್ಣ ತಿರುಗಲು ಸಾಧ್ಯವೇ ಇರಲಿಲ್ಲ. ಕಾಕನ ಹೆಜ್ಜೆ ಗೋಡೆಯಾಚೆ ಹಾಗೆಯೇ ಕೇಳುತ್ತಿತ್ತು, ಒಂದು ಜೋರು, ಒಂದು ಎಳೆತ. ದನಿ ಮೇಲೇರಲಿಲ್ಲ. ಮೊದಲ ವಾರ ಬಂದದ್ದು ಮತ್ತೆ ಬಂದಿತ್ತು, ಈ ಸಲ ಹಾದುಹೋಗದೆ ಅಲ್ಲೇ ನಿಂತಿತ್ತು. ಒಂದು ಕೈಯಲ್ಲಿ ಕಾಸ್ಟಿಕ್ಕಿನ ಬಾಟಲಿ, ಇನ್ನೊಂದು ಕೈಯಲ್ಲಿ ಮೇಜಿನ ಅಂಚು.

ಎದುರಿನಿಂದ ಒಂದು ಕೆಮ್ಮು ಬಂತು. ಸಣ್ಣ ಕೆಮ್ಮು, ನಮ್ಮ ಮನೆಯ ಬಾಗಿಲಿನದು.

ಬಾಟಲಿಯನ್ನು ಮೆಲ್ಲನೆ ಕೆಳಗಿಟ್ಟೆ, ಮುಚ್ಚಳ ಹಾಕಿದೆ.

"ಮೊದಲನೇ ವಾರವೂ ನೀವೇ," ಎಂದೆ.

"ಹೌದು. ನಿನ್ನ ಕಾಕ ಕಿಟಕಿಯಿಂದ ನೋಡಿಯೂ ಹೇಳ್ಲಿಲ್ಲ."

"ಶೂ ಎಲ್ಲಿ?"

"ಬಾಗಿಲ ಹೊರಗೆ," ಎಂದರು ಪಪ್ಪ.

ಇಪ್ಪತ್ತರ ಮಗಳು ಅಪ್ಪನನ್ನು ಗದರಿಸಬಹುದಾದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಆಡಿದ್ದು ಒಂದೇ.

"ನೀವು ಬೆಳಕಿಗೆ ಅಡ್ಡ ನಿಂತಿದ್ದೀರಿ ಪಪ್ಪ. ನನಗೆ ಕೇಳುದಿಲ್ಲ."

ಅವರು ಉಸಿರು ಬಿಟ್ಟದ್ದು ಫ್ಯಾನಿನ ಸದ್ದಿನಲ್ಲೂ ಕೇಳಿತು. ಒಂದು ಕ್ಷಣ ದನಿ ಹಾಗೆಯೇ ದಪ್ಪವಾಗಿತ್ತು. ಆಮೇಲೆ ಏರಿತು, ತನ್ನ ಜಾಗಕ್ಕೆ ಬಂದು ನಿಂತಿತು.

"ಹೋಗ್ತೇನೆ," ಎಂದರು. ಬಾಗಿಲು ತೆರೆದು ಮುಚ್ಚಿತು. ಹೊರಗೆ ಅವರು ಶೂ ಹಾಕಿಕೊಳ್ಳುವುದು, ಕಾರಿಡಾರಿನ ಕೊನೆಯವರೆಗೂ ನಡೆದುಹೋಗುವುದು, ಎಲ್ಲ ಕೇಳಿತು. ನನಗೆ ಕೇಳಿಸಲೆಂದೇ ಹೆಜ್ಜೆ ಕುಟ್ಟಿ ನಡೆದರು.

ಅಷ್ಟು ಹೊತ್ತು ಕೆನ್ನೆ ಒದ್ದೆಯಾಗಿತ್ತು ಎಂದು ಆಗ ಗೊತ್ತಾಯಿತು. ಲ್ಯಾಬಿನಲ್ಲಿ ಮುಖ ಮುಟ್ಟಿಕೊಳ್ಳಬಾರದು. ಒರೆಸಿಕೊಳ್ಳದೆ ಬಾಟಲಿ ಎತ್ತಿದೆ. ಕೊನೆಯಲ್ಲಿ ಒಂದು ಹನಿ ಹೆಚ್ಚಾಯಿತು. ದನಿ ಕುಸಿದ ರಭಸದಲ್ಲೇ ತಿಳಿಯಿತು, ಕೈ ನಡುಗಿದ್ದರಿಂದ ಹಾಗಾಯಿತು. ಉತ್ತರ ಸ್ವಲ್ಪ ಮೇಲೆ ಹೋಗಿತ್ತು. ದಕ್ತೂರಾ ಎರಡು ಸಲ ಓದಿ, ಮೂರನೇ ವಾರದ್ದು ಇದಕ್ಕಿಂತ ಚೆನ್ನಾಗಿತ್ತಲ್ಲ ಎಂದರು.

"ಅದು ನನ್ನದಲ್ಲ," ಎಂದೆ. "ತಪ್ಪಿದ್ದರೂ ಇದು ನನ್ನದು."

ಅವರು ನನ್ನ ಕೈಗೆ ಪೆನ್ನು ಕೊಟ್ಟು, ಸಹಿಯ ಜಾಗಕ್ಕೆ ಬೆರಳು ಮುಟ್ಟಿಸಿದರು. ಎರಡನೇ ವರ್ಷದ ಲ್ಯಾಬ್ ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ, ಸ್ವಂತ ಕೋಟು ತಂದುಕೋ ಎಂದರು.

ಆ ದಿನ ಪಪ್ಪ ನನ್ನ ಕೋಣೆಗೆ ಬರಲಿಲ್ಲ. ಬಾಗಿಲಾಚೆ ಬಂದು ನಿಂತದ್ದು ನನಗೆ ತಿಳಿಯಿತು. ಕೆಮ್ಮಬೇಡಿ ಎಂದು ನಾನೇ ಹೇಳಿದ್ದೆನಲ್ಲ, ಹಾಗಾಗಿ ಸುಮ್ಮನೆ ನಿಂತಿದ್ದರು. ತುಂಬ ಹೊತ್ತು ಕಾದೆ. ಕೊನೆಗೆ ನಾನೇ ಒಮ್ಮೆ ಕೆಮ್ಮಿದೆ.